ಹಳೆಯ ಮೊಕದ್ದಮೆ, ದೂರದ ಸಂಸಾರ

ನಮ್ಮ ಹೊನ್ನಾಳಿಯಂಥ ಊರುಗಳಿಂದಲೂ ಈಗ ಮಕ್ಕಳು ಮದುವೆಯಾಗಿ ಅಮೆರಿಕಕ್ಕೆ ಹೊರಡುವುದುಂಟು. ಹೀಗೆ ಹೊರಟವರ ಹೆಸರು ಎಂದೋ ಬದುವಿನ ಜಗಳದಲ್ಲಿ ಪೊಲೀಸ್ ದಫ್ತರ ಸೇರಿದ್ದರೆ ಏನು ಗತಿ? “ಹೇಳದಿದ್ದರಾಯಿತು, ಯಾರಿಗೆ ತಿಳಿದೀತು?” ಎನ್ನುವ ಹಿತೈಷಿಗಳು ಎಲ್ಲೆಲ್ಲಿಯೂ ಇದ್ದಾರೆ. ಆ ಮಾತಿಗೆ ಕಿವಿಗೊಡಬೇಡಿರಿ.

ಮೊದಲ ಬಾಗಿಲು ನಮ್ಮ ದೇಶದಲ್ಲಿಯೇ ಇದೆ. ಕ್ರಿಮಿನಲ್ ಮೊಕದ್ದಮೆ ಇತ್ಯರ್ಥವಾಗದೆ ಉಳಿದಿದ್ದರೆ 1967ರ ಕಾಯಿದೆಯಂತೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ಪಡೆದವರಿಗೆ ದಾರಿಯುಂಟು.

ಎರಡನೆಯದು ವೀಸಾ. ಗಂಡನನ್ನೋ ಹೆಂಡತಿಯನ್ನೋ ಸೇರಿ ಅಲ್ಲಿಯೇ ನೆಲೆಸಲು ಹೊರಟವರು, 16 ವರ್ಷ ತುಂಬಿದ್ದರೆ, ಪೊಲೀಸ್ ಪ್ರಮಾಣಪತ್ರ ಒಪ್ಪಿಸಬೇಕು. ಹಾಗೆಂದು ಪ್ರತಿಯೊಂದು ತಪ್ಪೂ ತಡೆಯಲ್ಲ. ಅವರು ಮುಖ್ಯವಾಗಿ ನೋಡುವುದು ನೀತಿಗೆಟ್ಟ ಅಪರಾಧವನ್ನು ಮತ್ತು ಮಾದಕ ವಸ್ತುಗಳ ಅಪರಾಧವನ್ನು. ನೀತಿಗೆಟ್ಟ ಅಪರಾಧವು ಒಂದೇ ಆಗಿದ್ದು, ಅದಕ್ಕೆ ಕಾನೂನಿನ ಗರಿಷ್ಠ ಸೆರೆವಾಸ 1 ವರ್ಷವನ್ನೂ, ವಿಧಿಸಿದ ಶಿಕ್ಷೆ 6 ತಿಂಗಳನ್ನೂ ಮೀರದಿದ್ದರೆ ರಿಯಾಯಿತಿಯುಂಟು. 2024ರ ಜುಲೈವರೆಗೆ ಜಾರಿಯಲ್ಲಿದ್ದ ನಮ್ಮ ದಂಡಸಂಹಿತೆಯಲ್ಲಿ ಸಾಧಾರಣ ಹೊಡೆತಕ್ಕೆ ಹೆಚ್ಚೆಂದರೆ 1 ವರ್ಷ, ಕಳವಿಗೆ 3 ವರ್ಷ. ಎರಡಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಕರೆಸಿಕೊಳ್ಳುವವರ ಚರಿತ್ರೆಯೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ಮೇಲೆ ಘೋರ ಅಪರಾಧವೆಸಗಿ ಶಿಕ್ಷೆಗೊಳಗಾದವನು ಹೆಂಡತಿಗಾಗಿ ಅರ್ಜಿ ಹಾಕುವುದನ್ನು ಅಲ್ಲಿನ 2006ರ ಕಾಯಿದೆ ತಡೆಯುತ್ತದೆ. ಹೆಣ್ಣು ಕೊಡುವವರು ಇದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಖುಲಾಸೆಯಾಗಿರಲಿ, ದಂಡ ತೆತ್ತಿರಲಿ, ತೀರ್ಪಿನ ದೃಢೀಕೃತ ನಕಲನ್ನು ನ್ಯಾಯಾಲಯದಿಂದ ಪಡೆದಿಡಿರಿ. ಕೇಳಿದಲ್ಲಿ ಇದ್ದುದನ್ನು ಇದ್ದಂತೆ ಬರೆಯಿರಿ. ಹಳೆಯ ಸಣ್ಣ ತಪ್ಪಿಗೆ ಪರಿಹಾರ ಸಿಕ್ಕೀತು. ಅದನ್ನು ಮುಚ್ಚಲು ಹೇಳಿದ ಸುಳ್ಳು ಬಾಳಿನುದ್ದಕ್ಕೂ ಆ ದೇಶದ ಬಾಗಿಲನ್ನು ಮುಚ್ಚಿಸಬಲ್ಲುದು. ಆಗ ಗಂಡ ಒಂದು ದಡದಲ್ಲಿ, ಹೆಂಡತಿ ಇನ್ನೊಂದು ದಡದಲ್ಲಿ.