ಸಣ್ಣ ದ್ವೀಪಗಳೂ ಸುಂಕದ ಬಾಗಿಲೂ

ತರಗತಿಯಲ್ಲಿ ಅರ್ಥಶಾಸ್ತ್ರವನ್ನು ಬೋಧಿಸುವಾಗ ನಾವು, ನಿರ್ಬಾಧ ವ್ಯಾಪಾರವೆಂದರೆ ಸುಂಕವನ್ನು ತೆಗೆದುಹಾಕುವುದೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದುಂಟು. ಶಾಂತಸಾಗರದ ದ್ವೀಪರಾಜ್ಯಗಳ ಅನುಭವವನ್ನು ನೋಡಿದರೆ ಆ ವಾಕ್ಯವು ಎಷ್ಟು ಅಪೂರ್ಣವಾದುದೆಂಬುದು ತಿಳಿಯುವುದು.

ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಈ ದ್ವೀಪಗಳ ಬಹುಪಾಲು ಸರಕುಗಳಿಗೆ ೧೯೮೧ರಲ್ಲಿಯೇ ಸುಂಕದ ಬಾಗಿಲನ್ನು ತೆರೆದುವು. ಪ್ರತಿಯಾಗಿ ಅಂಥ ವಿನಾಯಿತಿಯನ್ನು ಬೇಡಲಿಲ್ಲ. ಆದರೂ ಫಿಜಿಯ ಸಿದ್ಧ ಉಡುಪುಗಳಂಥ ಕೆಲವನ್ನು ಬಿಟ್ಟರೆ ಒಳಹೊಕ್ಕ ಸರಕು ಅಲ್ಪವೇ. ಗೆಡ್ಡೆಗೆಣಸುಗಳಲ್ಲಿ ಹುಳುವಿಲ್ಲ, ರೋಗವಿಲ್ಲವೆಂದು ಪರೀಕ್ಷಿಸಿ ಬರೆದುಕೊಡುವ ತಜ್ಞರು ಬೇಕು. ಸರಕು ಎಲ್ಲಿ ತಯಾರಾಯಿತೆಂಬುದನ್ನು ಕಾಗದಪತ್ರಗಳಿಂದ ಸ್ಥಾಪಿಸಬಲ್ಲ ಗುಮಾಸ್ತರು ಬೇಕು. ತುವಾಲು ರಾಜ್ಯದ ಒಟ್ಟು ಜನಸಂಖ್ಯೆ ಸುಮಾರು ಹನ್ನೊಂದು ಸಾವಿರ. ಅಷ್ಟು ಜನರಲ್ಲಿ ಇಂಥವರನ್ನು ಎಷ್ಟು ಮಂದಿಯನ್ನು ಹುಡುಕುವುದು?

ಸಮೋವದ ಕೆಸುವಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಪತ್ರೊಡೆಗೆ ಒದಗುವ ಅದೇ ಕೆಸವು. ಅಲ್ಲಿಯವರಿಗೆ ಅದರ ಗೆಡ್ಡೆಯು ನಿತ್ಯದ ಊಟ, ಮುಖ್ಯವಾದ ರಫ್ತು. ೧೯೯೩ರಲ್ಲಿ ಎಲೆ ಅಂಗಮಾರಿ ರೋಗವು ತಗುಲಿ ಬೆಳೆಯು ನಾಶವಾಯಿತು. ನ್ಯೂಜಿಲೆಂಡಿನ ಮಾರುಕಟ್ಟೆಯು ಫಿಜಿಯ ಪಾಲಾಯಿತು. ಸುಂಕವು ಒಂದು ಕಾಸೂ ಏರಿರಲಿಲ್ಲ! ಬೇರೆ ನಾಡುಗಳ ರೋಗನಿರೋಧಕ ತಳಿಗಳೊಡನೆ ಸಂಕರಮಾಡಿ, ರೈತರೇ ರುಚಿನೋಡಿ ಆಯ್ದ ಹೊಸ ತಳಿಗಳು ಬರಲು ವರ್ಷಗಳೇ ಹಿಡಿದುವು. ಸಹಾಯವೆಂಬ ಮಾತಿಗೆ ನಿಜವಾದ ಅರ್ಥವು ಇಂಥ ಕೆಲಸದಲ್ಲಿದೆಯೆಂದು ನಾವು ತಿಳಿಯುತ್ತೇವೆ.

ಪೇಸರ್ ಪ್ಲಸ್ ಎಂಬ ಒಪ್ಪಂದಕ್ಕೆ ೨೦೧೭ರ ಜೂನ್ ೧೪ರಂದು ಟೋಂಗದಲ್ಲಿ ರುಜುವಾಯಿತು. ೨೦೨೦ರ ಡಿಸೆಂಬರ್ ೧೩ರಿಂದ ಅದು ಜಾರಿಗೆ ಬಂದಿತು. ಇದರಂತೆ ದ್ವೀಪಗಳೂ ತಮ್ಮ ಸುಂಕವನ್ನು ಕ್ರಮಕ್ರಮವಾಗಿ ಇಳಿಸಬೇಕು. ಆಮದು ಸುಂಕವನ್ನು ನಂಬಿದ ಬೊಕ್ಕಸಕ್ಕೆ ಇದು ಸಣ್ಣ ಪೆಟ್ಟಲ್ಲ. ಬೇರೆ ತೆರಿಗೆಯನ್ನು ಎತ್ತಲು ಕಲಿಯುವುದಕ್ಕೆ ಮೊದಲೇ ಹಳೆಯದನ್ನು ಬಿಟ್ಟರೆ, ಶಾಲೆ ಆಸ್ಪತ್ರೆಗಳ ಖರ್ಚಿಗೆ ಕೊರತೆ ಬೀಳುವುದು.

ಇದಕ್ಕಾಗಿ ತರಬೇತಿಯನ್ನೂ ಹಣವನ್ನೂ ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಕೊಡುತ್ತ ಬಂದಿವೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಮಾತುಕತೆಯ ಕಾಲದಲ್ಲಿ ದ್ವೀಪಗಳಿಗೆ ಸಲಹೆ ಕೊಡಲೆಂದು ೨೦೧೦ರಲ್ಲಿ ವನುವಾತುವಿನಲ್ಲಿ ತೆರೆದ ಕಚೇರಿಗೂ ಹಣವನ್ನು ಒದಗಿಸಿದವು ಎದುರುಪಕ್ಷದ ಆ ಎರಡು ರಾಜ್ಯಗಳೇ. ಪ್ರತಿವಾದಿಯು ವಾದಿಯ ವಕೀಲರಿಗೆ ಫೀಜು ತೆತ್ತ ಮೊಕದ್ದಮೆಯನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ದ್ವೀಪಗಳಲ್ಲಿ ದೊಡ್ಡವಾದ ಪಾಪುವ ನ್ಯೂಗಿನಿ, ಫಿಜಿಗಳು ಒಪ್ಪಂದಕ್ಕೆ ರುಜುಹಾಕದೆ ಹೊರಗೆ ನಿಂತುವು.

ಒಪ್ಪಂದವನ್ನು ನಡೆಸುವ ಕಚೇರಿಯನ್ನು ಸಮೋವದ ಆಪಿಯಾ ಪಟ್ಟಣದಲ್ಲಿ ಇಟ್ಟಿರುವರು. ಕೆಸುವಿನ ಗೆಡ್ಡೆಯು ಹಡಗನ್ನೇರುವುದೂ ಅದೇ ಊರಿನ ರೇವಿನಲ್ಲಿ.