ಎರಡೂವರೆ ಲಕ್ಷದಲ್ಲಿ ಒಂದು



ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರವನ್ನು ನೀವು ಕಂಡಿರಬಹುದು. ಅದರ ಪಟ್ಟಿಗೆ ಕಿಣ್ವವೊಂದನ್ನು ಲೇಪಿಸಿರುತ್ತಾರೆ. ಅದು ರಕ್ತದ ಸಕ್ಕರೆಯೊಡನೆ ಸೇರಿದಾಗ ತೀರ ಸಣ್ಣ ವಿದ್ಯುತ್ ಹರಿಯುತ್ತದೆ. ಯಂತ್ರ ಅದನ್ನಳೆದು ಅಂಕಿ ತೋರಿಸುತ್ತದೆ. ಈ ದಾರಿಯನ್ನು 1962ರಲ್ಲಿ ತೋರಿಸಿದವರು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಅವರ ಜೊತೆಗಾರ ಲಯನ್ಸ್.

ಕ್ಯಾನ್ಸರನ್ನೂ ಹೀಗೆಯೇ ಹಿಡಿಯಬಾರದೇ ಎಂದು ನೀವು ಕೇಳಬಹುದು. ವಿಜ್ಞಾನಿಗಳ ಪ್ರಯತ್ನವೂ ಅದೇ. ಕೆಲವು ಕ್ಯಾನ್ಸರುಗಳಲ್ಲಿ ರಕ್ತದ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಅವನ್ನು ಸೂಚಕಗಳೆನ್ನೋಣ. ಗಂಡಸರ ಪ್ರೋಸ್ಟೇಟ್ ಗ್ರಂಥಿಯ ಪಿ.ಎಸ್.ಎ. ಅಂಥದೊಂದು. ಆದರೆ ಲೆಕ್ಕ ನೋಡಿ: ಒಂದು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 1 ಮಿಲಿಗ್ರಾಂ. ಪಿ.ಎಸ್.ಎ.ಯಾದರೋ 4 ನ್ಯಾನೋಗ್ರಾಂ ದಾಟಿದರೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಅಂದರೆ ಸಕ್ಕರೆಯ ಎರಡೂವರೆ ಲಕ್ಷದಲ್ಲಿ ಒಂದು ಪಾಲು! ಬ್ಯಾಂಕಿನಲ್ಲಿ ನೋಟು ಎಣಿಸಿದವನ ಮಾತಿನಲ್ಲಿ ಹೇಳುವುದಾದರೆ, ನೂರು ನೋಟುಗಳ 2,500 ಕಟ್ಟುಗಳಲ್ಲಿ ಒಂದೇ ನೋಟನ್ನು ಹುಡುಕಿದಂತೆ.

ಇಲ್ಲಿ ನೆರವಿಗೆ ಬರುವುದು ನ್ಯಾನೋ ವಸ್ತು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್. ಆ ಅಳತೆಯ ಚಿನ್ನದ ಕಣಗಳನ್ನೋ ಇಂಗಾಲದ ಕೊಳವೆಗಳನ್ನೋ ಪಟ್ಟಿಯ ಮೇಲೆ ಹರಡುತ್ತಾರೆ. ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುತ್ತದಲ್ಲವೇ? ಪುಡಿಗೆ ನೀರು ತಾಗುವ ಮೈ ಹೆಚ್ಚು. ಹಾಗೆಯೇ ಈ ಕಣಗಳ ಮೈಮೇಲೆ, ಸೂಚಕವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಹೆಚ್ಚು ಕೂರಿಸಬಹುದು. ಸೂಚಕ ಬಂದು ಅಂಟಿದಾಗ ವಿದ್ಯುತ್ತಿನ ಹರಿವು ಬದಲಾಗುತ್ತದೆ.

ಪ್ರಯೋಗಾಲಯದಲ್ಲಿ ಇದು ಚೆನ್ನಾಗಿ ನಡೆದಿದೆ. ಆದರೆ ನಿಜವಾದ ರಕ್ತದಲ್ಲಿ ಬೇರೆ ಪ್ರೋಟೀನುಗಳೂ ಪಟ್ಟಿಗೆ ಅಂಟಿ ಲೆಕ್ಕ ಕೆಡಿಸುತ್ತವೆ. ಮೇಲಾಗಿ, ಸೂಚಕ ಏರಿದ್ದೆಲ್ಲ ಕ್ಯಾನ್ಸರಲ್ಲ. ವಯಸ್ಸಾಗಿ ಗ್ರಂಥಿ ದಪ್ಪಗಾದರೂ, ಸೋಂಕು ತಗುಲಿದರೂ ಪಿ.ಎಸ್.ಎ. ಏರುತ್ತದೆ. ಖಚಿತಪಡಿಸಲು ಸಾಮಾನ್ಯವಾಗಿ ಚೂರು ತೆಗೆದು ನೋಡುವ ಬಯಾಪ್ಸಿಯೇ ಬೇಕು. ಆದ್ದರಿಂದ, ಒಂದೇ ಹನಿ ರಕ್ತದಿಂದ ಎಲ್ಲ ಕ್ಯಾನ್ಸರನ್ನೂ ಹೇಳುತ್ತೇವೆಂಬ ಜಾಹೀರಾತು ಮಲಯಾಳದಲ್ಲಿರಲಿ, ಕನ್ನಡದಲ್ಲಿರಲಿ, ದುಡ್ಡು ಕೊಡುವ ಮೊದಲು ವೈದ್ಯರನ್ನು ಕೇಳಿ.

ಕಡೆಯದಾಗಿ ಒಂದು ಮಾತು. ನಮ್ಮ ಕಾಸರಗೋಡಿನ ಕಡೆ ಎಲೆ ಅಡಿಕೆ, ಹೊಗೆಸೊಪ್ಪು ಹಳೆಯ ರೂಢಿ. ಅದರಿಂದ ಬರುವ ಬಾಯಿಯ ಕ್ಯಾನ್ಸರನ್ನು ಹುಡುಕಲು ಮನೆಯ ಕನ್ನಡಿಯೂ ಬೆಳಕೂ ಇದ್ದರೆ ಮೊದಲಿಗೆ ಸಾಕು. ಬಾಯಿಯ ಹುಣ್ಣು ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ, ಬಿಳಿ ಇಲ್ಲವೆ ಕೆಂಪು ಕಲೆ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು. ಹೊಸ ಯಂತ್ರ ಬರುವಾಗ ಬರಲಿ. ನೀವು ಅದಕ್ಕಾಗಿ ಕಾಯಬೇಡಿ.