ಅವರನ್ನೇ ಕೇಳೋಣ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ನಿಂತು ಮಾತನಾಡುವವರ ಮೊದಲ ಕರ್ತವ್ಯ ಕೃತಜ್ಞತೆ. ಅಡಿಗಲ್ಲಿಗೆ ಕಲ್ಲು ಹೊತ್ತವರನ್ನೂ, ಮುಂಜಾವಿನಲ್ಲಿ ಗಂಟೆ ಬಾರಿಸಿದವರನ್ನೂ, ನಮ್ಮ ಹಿರಿಯರಿಗೆ ಧರ್ಮೋಪದೇಶ ಕಲಿಸಿದವರನ್ನೂ ಈ ಸಂದರ್ಭದಲ್ಲಿ ನಾವು ನೆನೆಯುತ್ತಿದ್ದೇವೆ. ಆದರೆ ಯಾವ ಧರ್ಮಕೇಂದ್ರದಲ್ಲಿಯೇ ಆಗಲಿ, ಜ್ಞಾನಸ್ನಾನದ ದಫ್ತರದಲ್ಲಿ ಹೆಸರಿದ್ದೂ ಭಾನುವಾರದ ಬಲಿಪೂಜೆಯ ಬೆಂಚಿನಲ್ಲಿ ಕಾಣಿಸದ ಕೆಲವರಿರುತ್ತಾರೆ. ಮಗು ಕೂಗಿತೆಂದು, ಓಡಾಡಿತೆಂದು, ಹಿಂದಿನ ಸಾಲಿನವರು ತಿರುಗಿ ನೋಡಿದರೆಂದು ನಾಚಿ, ತಂದೆತಾಯಿಗಳು ಸರದಿಯ ಮೇಲೆ ಒಬ್ಬೊಬ್ಬರೇ ಪೂಜೆಗೆ ಬರುವ ಮನೆಗಳಿವೆ. ಆ ಮಗು ಬೆಳೆದು ಮೂವತ್ತು ವರ್ಷದ ಪ್ರಾಯದವನಾದರೂ ಆತನ ಅಭಿಪ್ರಾಯವೇನೆಂದು ಯಾರೂ ವಿಚಾರಿಸುವುದಿಲ್ಲ. ಇಂದಿನ ನನ್ನ ಮಾತು ಅಂಥವರ ಧ್ವನಿಯನ್ನು ಕುರಿತದ್ದು.

ಆಟಿಸಂ ಎಂಬ ಸ್ಥಿತಿಯನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದಲೂ, ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರು ಬರೆದ ಪ್ರಬಂಧದಿಂದಲೂ ಇದು ವೈದ್ಯಲೋಕದಲ್ಲಿ ಪ್ರತ್ಯೇಕ ಸ್ಥಿತಿಯೆಂದು ಗುರುತಿಸಲ್ಪಟ್ಟಿತು. ಇದು ಅಂಟುರೋಗವಲ್ಲ, ಹುಚ್ಚಲ್ಲ, ಶಾಪವಂತೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ; ಬಾಲ್ಯದಲ್ಲಿ ಕಾಣಿಸಿಕೊಂಡು ಜೀವನಪರ್ಯಂತ ಜೊತೆಗಿರುವಂಥದು. ಕೆಲವರು ಸರಾಗವಾಗಿ ಮಾತನಾಡಿ, ಪದವಿ ಪಡೆದು, ಉದ್ಯೋಗ ಮಾಡುತ್ತಾರೆ. ಕೆಲವರಿಗೆ ಬಾಯಿಮಾತು ಬರುವುದೇ ಇಲ್ಲ; ಊಟ, ಸ್ನಾನಗಳಿಗೂ ನೆರವು ಬೇಕಾಗುತ್ತದೆ. ಅನೇಕರಿಗೆ ನಮಗೆ ಸಾಮಾನ್ಯವೆನಿಸುವ ಸದ್ದು, ಬೆಳಕು, ಸ್ಪರ್ಶಗಳೇ ಸಹಿಸಲಾಗದ ನೋವಾಗುತ್ತವೆ.

ಜನ್ಮತಃ ಕುರುಡನಾಗಿದ್ದವನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ ಸಂಗತಿ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಇಬ್ಬರೂ ಅಲ್ಲವೆಂಬುದೇ ಸ್ವಾಮಿಯ ಉತ್ತರವಾಗಿತ್ತು. ಆದರೂ ಇಪ್ಪತ್ತನೆಯ ಶತಮಾನದ ವಿದ್ಯಾವಂತ ಲೋಕ ಅದೇ ಪ್ರಶ್ನೆಯನ್ನು ಮತ್ತೆ ಕೇಳಿತು. ತಾಯಿಯ ಹೃದಯ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದ ಹಬ್ಬಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕವು ಅದಕ್ಕೆ ಮತ್ತಷ್ಟು ಪ್ರಚಾರ ಕೊಟ್ಟಿತು. ಆಟಿಸಂ ಇರುವ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು 1964ರಷ್ಟು ಹಿಂದೆಯೇ ಇದನ್ನು ಪುಸ್ತಕ ಬರೆದು ಖಂಡಿಸಿದ್ದರು. ಆ ವಾದ ಇಂದು ಬಿದ್ದುಹೋಗಿದೆ. ಆದರೂ ಒಬ್ಬ ತಾಯಿಯನ್ನು ನೋಡಿ ‘ಏನು ಪಾಪವೋ’ ಎಂದು ಪಿಸುಗುಟ್ಟುವ ಅಭ್ಯಾಸ ನಮ್ಮ ನಡುವೆ ಪೂರ್ತಿಯಾಗಿ ಅಳಿದಿದೆಯೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಈ ನಾಲ್ಕು ದಶಕಗಳ ಕಾಲ ವೈದ್ಯರು ಮಾತನಾಡಿದರು, ಪಂಡಿತರು ಮಾತನಾಡಿದರು, ತಂದೆತಾಯಿಗಳು ಮಾತನಾಡಿದರು. ಯಾರನ್ನು ಕುರಿತು ಮಾತು ನಡೆಯುತ್ತಿತ್ತೋ ಅವರ ಮಾತು ಮಾತ್ರ ಬಹುಮಟ್ಟಿಗೆ ಕೇಳಿಬರಲಿಲ್ಲ. 1986ರಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರು ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. 1947ರಲ್ಲಿ ಹುಟ್ಟಿದ ಆಕೆಗೆ ಮೂರು ವರ್ಷ ಕಳೆದರೂ ಮಾತು ಬಂದಿರಲಿಲ್ಲ. ಮುಂದೆ ಆಕೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾಗಿ, ದನಕರುಗಳು ಹೆದರದಂತೆ ಅವುಗಳನ್ನು ನಡೆಸುವ ದೊಡ್ಡಿಗಳನ್ನು ರೂಪಿಸಿ ಹೆಸರು ಗಳಿಸಿದರು. ಶಾಲೆಯ ಗಂಟೆಯ ಸದ್ದು ತನ್ನ ಕಿವಿಗೆ ಹೇಗೆ ನೋವಾಗುತ್ತಿತ್ತು, ತಾನು ಪದಗಳಿಗಿಂತ ಚಿತ್ರಗಳಲ್ಲಿ ಹೇಗೆ ಯೋಚಿಸುತ್ತೇನೆ ಎಂಬುದನ್ನು ಆಕೆ ವಿವರಿಸಿದಾಗ, ಹೊರಗಿನಿಂದ ‘ಹಟ’ವೆಂದು ಕಂಡದ್ದಕ್ಕೆ ಒಳಗಿನ ಕಾರಣ ತಿಳಿಯಿತು. 1992ರಲ್ಲಿ ಆಸ್ಟ್ರೇಲಿಯಾದ ಡೊನಾ ವಿಲಿಯಮ್ಸ್ ಅವರ ಆತ್ಮಕಥೆ ಹೊರಬಂತು. ಅದೇ ವರ್ಷ ಆಕೆಯೂ ಅಮೆರಿಕದ ಜಿಮ್ ಸಿಂಕ್ಲೇರ್ ಅವರೂ ಇತರರೊಡಗೂಡಿ ಆಟಿಸಂ ಇರುವವರೇ ನಡೆಸುವ ಒಂದು ಸಂಘವನ್ನು ಕಟ್ಟಿದರು.

1993ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಸಿಂಕ್ಲೇರ್ ಅವರು ತಂದೆತಾಯಿಗಳಿಗೆ ಹೇಳಿದ ಮಾತಿನ ತಾತ್ಪರ್ಯ ಹೀಗಿತ್ತು: ನೀವು ನಿರೀಕ್ಷಿಸಿದ್ದ ಮಗು ಬರಲಿಲ್ಲವೆಂಬ ದುಃಖ ಸಹಜವೇ; ಆ ದುಃಖವನ್ನು ಬೇರೆಡೆ ತೀರಿಸಿಕೊಳ್ಳಿ; ಆದರೆ ನಮಗಾಗಿ ಅಳಬೇಡಿ, ನಾವು ಸತ್ತಿಲ್ಲ, ನಿಮ್ಮೆದುರಿಗೆ ಜೀವಂತವಾಗಿ ಕಾದಿದ್ದೇವೆ. ಕಠಿಣವೆನಿಸುವ ಈ ಮಾತಿನಲ್ಲಿ ಆಳವಾದ ಕರುಣೆಯಿದೆ. ಮನೆಯಲ್ಲಿ ತನ್ನನ್ನು ನೋಡಿದಾಗಲೆಲ್ಲ ಕಣ್ಣೀರಿಡುವುದನ್ನೇ ಕಾಣುತ್ತ ಬೆಳೆಯುವ ಮಗು ತನ್ನನ್ನು ದೇವರ ವರವೆಂದು ಹೇಗೆ ತಿಳಿದೀತು?

2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಜಾಹೀರಾತು ಸರಣಿ ಕಾಣಿಸಿಕೊಂಡಿತು. ಆಟಿಸಂ ಎಂಬ ಅಪಹರಣಕಾರ ನಿಮ್ಮ ಮಗನನ್ನು ಹಿಡಿದಿಟ್ಟಿದ್ದಾನೆ ಎಂಬರ್ಥದ ಬೆದರಿಕೆಯ ಪತ್ರಗಳ ರೂಪದಲ್ಲಿ ಅವು ಇದ್ದವು. ಜನಜಾಗೃತಿಯೇ ಅದರ ಉದ್ದೇಶವಾಗಿದ್ದಿರಬೇಕು. ಆದರೆ ಆ ಮಗನೇ ಅದನ್ನು ಓದಿದರೆ ಅವನಿಗೇನನಿಸೀತೆಂದು ಯಾರೂ ಯೋಚಿಸಿರಲಿಲ್ಲ. 2006ರಲ್ಲಿ ಆರಿ ನೀಮನ್ ಮತ್ತು ಸ್ಕಾಟ್ ರಾಬರ್ಟ್‌ಸನ್ ಎಂಬ, ಸ್ವತಃ ಆಟಿಸಂ ಇರುವ ತರುಣರು ಸ್ಥಾಪಿಸಿದ್ದ ಸಂಘಟನೆ ಇದನ್ನು ವಿರೋಧಿಸಿತು. ಅಂಗವಿಕಲರ ಅನೇಕ ಸಂಘಗಳು ಜೊತೆಗೂಡಿದವು. ಕೆಲವೇ ವಾರಗಳಲ್ಲಿ ಜಾಹೀರಾತನ್ನು ಹಿಂತೆಗೆದುಕೊಳ್ಳಲಾಯಿತು. 2010ರಲ್ಲಿ ನೀಮನ್ ಅವರು ಅಂಗವೈಕಲ್ಯವನ್ನು ಕುರಿತು ಅಮೆರಿಕ ಸರಕಾರಕ್ಕೆ ಸಲಹೆ ನೀಡುವ ರಾಷ್ಟ್ರೀಯ ಮಂಡಲಿಯ ಸದಸ್ಯರಾದರು. ‘ನಮ್ಮನ್ನು ಬಿಟ್ಟು ನಮ್ಮ ವಿಷಯದ ತೀರ್ಮಾನ ಬೇಡ’ ಎಂಬ ಅಂಗವಿಕಲರ ಚಳವಳಿಯ ಘೋಷಣೆ ಹೀಗೆ ಫಲ ಕೊಟ್ಟಿತು.

ಕಾನೂನು ಕೂಡ ನಿಧಾನವಾಗಿ ಕಿವಿ ತೆರೆದಿದೆ. ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಅದೂ ಸೇರಿತು. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯಂತೆ, ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರೊಡನೆಯೇ ಸಮಾಲೋಚಿಸುವುದು ಸರಕಾರಗಳ ಕರ್ತವ್ಯ.

ಇಲ್ಲಿ ಒಬ್ಬ ತಾಯಿ ಎದ್ದುನಿಂತು, “ನೀವು ಹೇಳಿದವರೆಲ್ಲ ಓದಿದವರು, ಬರೆದವರು, ನನ್ನ ಮಗ ನೀರು ಬೇಕೆಂದೂ ಹೇಳಲಾರ, ಅವನ ಪರವಾಗಿ ನಾನಲ್ಲದೆ ಯಾರು ಮಾತನಾಡಬೇಕು?” ಎಂದು ಕೇಳಿದರೆ ಆಕೆಯ ಪ್ರಶ್ನೆ ನ್ಯಾಯವಾದದ್ದು. ಹೆತ್ತವರ ಹೋರಾಟವಿಲ್ಲದೆ ಶಾಲೆಗಳೂ ಇರುತ್ತಿರಲಿಲ್ಲ, ಕಾಯಿದೆಗಳೂ ಇರುತ್ತಿರಲಿಲ್ಲ. ಆದರೆ ಬಾಯಿಮಾತಿಲ್ಲದವರಿಗೆ ಹೇಳಲು ಏನೂ ಇಲ್ಲವೆಂದು ತಿಳಿಯುವುದು ಸಲ್ಲದು. 2007ರಲ್ಲಿ ಅಮೆರಿಕದ ಮೆಲ್ ಬ್ಯಾಗ್ಸ್ ಅವರು ಒಂದು ಕಿರುಚಿತ್ರ ಮಾಡಿದರು. ಮೊದಲ ಭಾಗದಲ್ಲಿ ಅವರು ಗುನುಗುತ್ತಾರೆ, ಕೈ ಆಡಿಸುತ್ತಾರೆ, ನೀರನ್ನು ಬೆರಳಿನಿಂದ ಮುಟ್ಟುತ್ತಾರೆ. ಎರಡನೆಯ ಭಾಗದಲ್ಲಿ, ತಾವು ಟೈಪು ಮಾಡಿದ ಮಾತುಗಳನ್ನು ಯಂತ್ರದ ಧ್ವನಿಯಿಂದ ನುಡಿಸಿ, ಅದೆಲ್ಲವೂ ಸುತ್ತಲ ಲೋಕದೊಡನೆ ತಾವು ನಡೆಸುತ್ತಿದ್ದ ಸಂವಾದವೆಂದು ತಿಳಿಸುತ್ತಾರೆ. ನಮ್ಮ ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ತೀತೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಬಾಲಕನಿಗೂ ಮಾತು ಬಹುತೇಕ ಇರಲಿಲ್ಲ. ತಾಯಿ ಅಕ್ಷರದ ಹಲಗೆಯಿಟ್ಟು ಕಲಿಸಿದರು. ಆತನ ಬರಹಗಳ ಪುಸ್ತಕ 2000ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಈ ಬಗೆಯ ಬೋಧನಾಕ್ರಮಗಳ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನೂ ಮರೆಮಾಚಬಾರದು. ಮಗುವಿನ ಕೈ ಹಿಡಿದು ಬರೆಯಿಸುವ ಒಂದು ಪದ್ಧತಿಯನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ, ಹೊರಬಂದ ಮಾತುಗಳು ಮಗುವಿನವಲ್ಲ, ತಮಗೇ ಅರಿವಿಲ್ಲದಂತೆ ಕೈ ಹಿಡಿದವರವು ಎಂದು ತಿಳಿದುಬಂತು. ಆದ್ದರಿಂದ ಪ್ರೀತಿಗೂ ಎಚ್ಚರ ಬೇಕು. ಅವರ ಧ್ವನಿಯೆಂದು ನಮ್ಮ ಧ್ವನಿಯನ್ನೇ ಕೇಳಿಸಿಕೊಂಡು ಸಂತೋಷಪಡಬಾರದು. ಚಿತ್ರಗಳ ಚೀಟಿ, ಬೆರಳು ತೋರಿಸುವುದು, ತಲೆಯಾಡಿಸುವುದು, ಮಾತನಾಡುವ ಯಂತ್ರ, ಕೊನೆಗೆ ಎದ್ದು ಹೊರಗೆ ಓಡಿಹೋಗುವುದು, ಇವೆಲ್ಲವೂ ಮಾತುಗಳೇ. ಮಾತು ನಿಂತುಹೋಗಿದ್ದ ಜಕರೀಯನ ಮಗುವಿಗೆ ನೆಂಟರಿಷ್ಟರು ತಾವೇ ಹೆಸರಿಡಲು ಹೊರಟಾಗ, ಅವನು ಬರೆಯುವ ಹಲಗೆಯನ್ನು ತರಿಸಿ ಯೊವಾನ್ನ ಎಂಬ ಹೆಸರನ್ನು ಬರೆದು ತೋರಿಸಿದನೆಂದು ಸಂತ ಲೂಕರು ತಿಳಿಸುತ್ತಾರೆ. ಹಲಗೆಯನ್ನು ಅವನ ಕೈಗೆ ಕೊಟ್ಟವರು ಯಾರೋ ಇದ್ದರು. ಅಂಥವರು ನಾವಾಗಬೇಕು.

ಧರ್ಮಸಭೆಯೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿದೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರ ತಮ್ಮ ಪ್ರೇರಣಾ ಪತ್ರದಲ್ಲಿ, ಬುದ್ಧಿಮಾಂದ್ಯರಿಗೂ ಸಾಧ್ಯವಾದೆಡೆಯಲ್ಲೆಲ್ಲ ಪರಮ ಪ್ರಸಾದ ದೊರೆಯಬೇಕು, ಅವರ ಜೊತೆಗಿರುವ ಸಮುದಾಯದ ವಿಶ್ವಾಸದಲ್ಲಿಯೂ ಅವರು ಅದನ್ನು ಸ್ವೀಕರಿಸುತ್ತಾರೆ ಎಂದು ಬೋಧಿಸಿದರು. 2014ರ ನವೆಂಬರಿನಲ್ಲಿ ವ್ಯಾಟಿಕನ್ನಿನಲ್ಲಿ ಆಟಿಸಂ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ, 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ಆಟಿಸಂ ಇರುವವರನ್ನೂ ಅವರ ಕುಟುಂಬದವರನ್ನೂ ಬರಮಾಡಿಕೊಂಡು, ಅವರ ಏಕಾಂಗಿತನವನ್ನೂ ಅವರಿಗಂಟಿದ ಕಳಂಕವನ್ನೂ ನೀಗಿಸಬೇಕೆಂದು ಕರೆಕೊಟ್ಟರು. ಸಿನೊಡಿನ ಸಿದ್ಧತೆಯ ಅಂಗವಾಗಿ 2022ರಲ್ಲಿ ಅಂಗವಿಕಲರೊಡನೆಯೇ ವಿಶೇಷ ಸಮಾಲೋಚನೆ ನಡೆಯಿತು. ಗುರು ಮ್ಯಾಥ್ಯೂ ಷ್ನೈಡರ್ ಅವರು ತಮಗೆ ಆಟಿಸಂ ಇರುವುದನ್ನು 2019ರಲ್ಲಿ ಬಹಿರಂಗವಾಗಿ ತಿಳಿಸಿ, 2022ರಲ್ಲಿ ಅಂಥವರ ಪ್ರಾರ್ಥನಾ ಜೀವನವನ್ನು ಕುರಿತು ಪುಸ್ತಕವನ್ನೇ ಬರೆದರು. ಪೀಠದ ಬಳಿಯೇ ಅಂಥವರೊಬ್ಬರು ನಿಂತಿರುವಾಗ, ಬಾಗಿಲ ಬಳಿ ನಿಂತವರನ್ನು ನಾವು ಹೇಗೆ ತಡೆಯಬಲ್ಲೆವು?

ಜೆರಿಕೋವಿನ ದಾರಿಯಲ್ಲಿ ಬಾರ್ತಿಮಾಯನು ಕೂಗಿದಾಗ ಸುಮ್ಮನಿರೆಂದು ಗದರಿಸಿದವರು ಯೇಸುವಿನ ಶತ್ರುಗಳಲ್ಲ, ಯೇಸುವಿನ ಜೊತೆಯಲ್ಲಿ ನಡೆಯುತ್ತಿದ್ದವರು. ಸ್ವಾಮಿ ನಿಂತರು, ಅವನನ್ನು ಕರೆಸಿದರು, ತಾನು ಅವನಿಗೆ ಏನು ಮಾಡಬೇಕೆಂದು ಅವನನ್ನೇ ಕೇಳಿದರು. ಆಟಿಸಂ ಕುರುಡುತನದಂತೆ ಕಳೆಯಬೇಕಾದ ರೋಗವೆಂದು ನಾನು ಹೇಳುತ್ತಿಲ್ಲ. ಸರ್ವವನ್ನೂ ಬಲ್ಲ ಸ್ವಾಮಿಯೇ ಮೊದಲು ಕೇಳಿ ಆಮೇಲೆ ಕೈ ನೀಡಿದರು ಎಂಬುದಷ್ಟೇ ನಮಗಿಲ್ಲಿ ಪಾಠ. ತೊದಲುವ ಕಿವುಡನೊಬ್ಬನನ್ನು ಅವರು ಜನಸಂದಣಿಯಿಂದ ಒಂದು ಬದಿಗೆ ಕರೆದೊಯ್ದುದನ್ನೂ ಸಂತ ಮಾರ್ಕರು ಮರೆಯದೆ ಬರೆದಿದ್ದಾರೆ.

ಆದಕಾರಣ, ಪ್ರಿಯರೇ, ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರ ಇಂಥವರ ಮನೆಗಳಿಗೆ ಹೋಗಿ ಅವರನ್ನೇ ಕೇಳಲಿ. ಧ್ವನಿವರ್ಧಕದ ಅಬ್ಬರ ಕಷ್ಟವೆಂದರೆ, ವಾರದ ಒಂದು ಪೂಜೆಯನ್ನಾದರೂ ಅದಿಲ್ಲದೆ ನಡೆಸಬಹುದು. ಹಬ್ಬದ ಪಟಾಕಿ ಭಯವೆಂದರೆ, ಅದರ ವೇಳೆಯನ್ನು ಮುಂಚಿತವಾಗಿ ತಿಳಿಸಬಹುದು, ಕೈಬಿಟ್ಟರೂ ಹಬ್ಬಕ್ಕೆ ಕುಂದಿಲ್ಲ. ಪೂಜೆಯ ಕ್ರಮವನ್ನು ಚಿತ್ರಗಳಲ್ಲಿ ಬರೆದುಕೊಟ್ಟರೆ ಮುಂದೇನಾಗುವುದೆಂಬ ತಳಮಳ ಕಡಿಮೆಯಾಗುತ್ತದೆ. ಪಾಪನಿವೇದನೆಯನ್ನು ಬರೆದು ತೋರಿಸುವವರಿಗೆ ಗುರುಗಳು ಅವಕಾಶ ಕೊಟ್ಟಾರು. ಸಮಾಧಾನದ ಹಸ್ತಲಾಘವ ಬೇಡವೆಂದವನಿಗೆ ತಲೆಬಾಗಿ ವಂದಿಸಿದರೆ ಸಾಕು. ಓದಬಲ್ಲವನು ವಾಚನ ಓದಲಿ. ದೀಪ ಹಚ್ಚುವುದನ್ನು ಪ್ರೀತಿಸುವವಳು ದೀಪ ಹಚ್ಚಲಿ. ಮಾತನಾಡಬಲ್ಲವರೊಬ್ಬರು ಪಾಲನಾ ಪರಿಷತ್ತಿನಲ್ಲಿ ಕುಳಿತುಕೊಳ್ಳಲಿ.

ಕೊನೆಯದಾಗಿ, ಆ ಜನ್ಮಾಂಧನ ಕಥೆಯ ಉಳಿದ ಭಾಗವನ್ನು ನೆನಪಿಸುತ್ತೇನೆ. ಅಧಿಕಾರಿಗಳು ಹೆತ್ತವರನ್ನು ವಿಚಾರಿಸಿದಾಗ, ಮಗ ಪ್ರಾಯಕ್ಕೆ ಬಂದವನು, ಅವನನ್ನೇ ಕೇಳಬೇಕೆಂದು ಅವರು ಹೇಳಿದರು. ಭಯದಿಂದ ಆಡಿದ ಮಾತಾದರೂ ಅದು ಸತ್ಯವಾದ ಮಾತು. ಅವನು ತನ್ನ ಪರವಾಗಿ ತಾನೇ ನಿಂತು ದಿಟ್ಟವಾಗಿ ಉತ್ತರಿಸಿದನು. ನಮಗೇ ಉಪದೇಶಿಸುವೆಯಾ ಎಂದು ಕೆರಳಿ ಅವರು ಅವನನ್ನು ಹೊರಗಟ್ಟಿದರು. ಹೊರಗಟ್ಟಿದ ಸುದ್ದಿ ಕೇಳಿ ಯೇಸುಸ್ವಾಮಿ ತಾವೇ ಹೋಗಿ ಅವನನ್ನು ಕಂಡರು. ನಾವು ಹೊರಗಿಟ್ಟವರನ್ನು ಸ್ವಾಮಿ ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ದೇವಾಲಯವು ಸ್ವಾಮಿಯ ಜೊತೆಗೆ ಹೊರಟು ಅವರನ್ನು ಕಾಣುವಂತಾಗಲಿ, ಅವರ ಮಾತಿಗೆ ಕಿವಿಗೊಡುವಂತಾಗಲಿ ಎಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.